ಅಡುಗೆಮನೆ ಪ್ರಶ್ನೋತ್ತರ: ಅಮೆರಿಕದ ಡಬ್ಬದ ಊಟ, ನಮ್ಮ ಬಾಣಲೇಲಿ

ಈ ಸಲ ಬಂದಿರೋ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯದ ಸುತ್ತ ಇವೆ, ಒಂದೇ ಬಾಣಲೇಲಿ ಕೈಮ, ಮ್ಯಾಕರೋನಿ, ಚೀಸು ಎಲ್ಲಾ ಸೇರಿಸಿ ಮಾಡೋ ಅಮೆರಿಕದ ಊಟ. ರಜಕ್ಕೆ ಬಂದ ಮಕ್ಕಳು ಮೊಮ್ಮಕ್ಕಳು ತಲೆಗೆ ತುಂಬಿ ಹೋಗಿರ್ಬೇಕು. ಇಡ್ಲಿ ಕಲ್ಲಾಗೋದು, ಹಾಗಲಕಾಯಿ ಕಹಿ ತೆಗೆಯೋದು ಇವನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮಗಳು ಅಮೆರಿಕದಿಂದ ಬರೋವಾಗ ಹ್ಯಾಂಬರ್ಗರ್ ಹೆಲ್ಪರ್ ಅನ್ನೋ ಡಬ್ಬ ತಂದಿದ್ಲು. ಮೊಮ್ಮಕ್ಕಳು ಚಪ್ಪರಿಸ್ಕೊಂಡು ತಿಂದ್ರು, ಈಗ ಡಬ್ಬ ಖಾಲಿ, ಅಜ್ಜಿ ಅದೇ ಬೇಕು ಅಂತ ಹಠ. ಮನೇಲಿ ಮಾಡೋಕಾಗುತ್ತಾ? ನಾವು ಮಟನ್, ಚಿಕನ್ ತಿಂತೀವಿ, ದನದ ಮಾಂಸ ತಿನ್ನಲ್ಲ. (ಕುವೆಂಪುನಗರ, ಮೈಸೂರು)

ಉತ್ತರ: ಧಾರಾಳವಾಗಿ ಆಗುತ್ತೆ ಅಮ್ಮ, ಆ ಡಬ್ಬ ಹುಡುಕ್ಕೊಂಡು ಅಂಗಡಿ ಅಂಗಡಿ ಅಲೀಬೇಡಿ. ತೆರೆದು ನೋಡಿದ್ರಲ್ಲ, ಅದರಲ್ಲಿ ಮಾಂಸಾನೇ ಇರಲ್ಲ. ಒಣ ಮ್ಯಾಕರೋನಿ, ಜೊತೆಗೆ ಒಂದು ಪುಡಿ ಸ್ಯಾಚೆ, ಅಷ್ಟೆ. ಮಾಂಸ ನಮ್ದು, ಹಾಲು ನಮ್ದು, ನೀರು ನಮ್ದು, ಗ್ಯಾಸು ನಮ್ದು. 1971ರಲ್ಲಿ ಜನರಲ್ ಮಿಲ್ಸ್ ಅನ್ನೋ ಕಂಪನಿ ಬೆಟ್ಟಿ ಕ್ರಾಕರ್ ಬ್ರ್ಯಾಂಡಲ್ಲಿ ಇದನ್ನ ಅಮೆರಿಕದ ತುಂಬಾ ಬಿಟ್ಟಿದ್ದು, ಆಗ ಅಲ್ಲಿ ಮಾಂಸದ ರೇಟು ಏರ್ತಾ ಇತ್ತು, ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ ಕೊಚ್ಚಿದ ಮಾಂಸದಲ್ಲಿ ಇಡೀ ಮನೆಗೆ ರಾತ್ರಿ ಊಟ ಎಳೆದುಬಿಡೋದು ಇದರ ಐಡಿಯಾ. ಕಾಲು ಕೆಜಿ ಕೈಮಕ್ಕೆ ಬಟಾಣಿ, ಆಲೂಗಡ್ಡೆ ಸುರಿದು ಎಂಟು ಜನಕ್ಕೆ ಬಡಿಸಿರೋ ನಮ್ಮ ಹೆಂಗಸರಿಗೆ ಇದನ್ನ ಯಾವ ಕಂಪನೀನೂ ಹೇಳ್ಕೊಡಬೇಕಾಗಿರ್ಲಿಲ್ಲ ಬಿಡಿ. ಆ ಬ್ರ್ಯಾಂಡನ್ನ 2022ರಲ್ಲಿ ಜನರಲ್ ಮಿಲ್ಸ್‌ನವರು ಬೇರೆ ಕಂಪನಿಗೆ ಮಾರಿದ್ರು, ಆದ್ರೂ ಡಬ್ಬದ ಮೇಲಿನ ಆ ನಾಲ್ಕು ಬೆರಳಿನ ಬಿಳಿ ಗ್ಲೌಸ್ ಗೊಂಬೆ ಹಾಗೇ ಇದೆ, ನಿಮ್ಮ ಮೊಮ್ಮಕ್ಕಳಿಗೆ ಅದೇ ಇಷ್ಟ ಆಗಿರಬೇಕು.

ಈಗ ಪುಡಿ. ಸಾರಿನ ಪುಡಿ, ಪುಳಿಯೋಗರೆ ಪುಡಿ ಮನೇಲೇ ಮಾಡ್ಕೊಳ್ಳೋರಿಗೆ ಇದು ಏನೇನೂ ಅಲ್ಲ, ಹುರಿಯೋದೂ ಇಲ್ಲ ಕುಟ್ಟೋದೂ ಇಲ್ಲ. ಒಂದು ಸಲಕ್ಕೆ ಬೇಕಾದಷ್ಟು ಹೇಳ್ತೀನಿ, ಅಂದ್ರೆ 400ರಿಂದ 450 ಗ್ರಾಂ ಕೈಮ, 200 ಗ್ರಾಂ ಮ್ಯಾಕರೋನಿಗೆ. ಹಾಲಿನ ಪುಡಿ 4 ದೊಡ್ಡ ಚಮಚ, ಅಂಗಡೀಲಿ ಸಿಗೋ ಬಿಳೀ ಕಾರ್ನ್ ಫ್ಲೋರ್ 1 ದೊಡ್ಡ ಚಮಚ, ಬ್ಯಾಡಗಿ ಮೆಣಸಿನಪುಡಿ ಒಂದೂವರೆ ಚಿಕ್ಕ ಚಮಚ, ಜೀರಿಗೆ ಪುಡಿ ಅರ್ಧ, ಬೆಳ್ಳುಳ್ಳಿ ಪುಡಿ 1, ಈರುಳ್ಳಿ ಪುಡಿ 1, ಉಪ್ಪು 1, ಸಕ್ಕರೆ 1, ಕಾಳುಮೆಣಸಿನ ಪುಡಿ ಕಾಲು, ಇದೆಲ್ಲ ಚಿಕ್ಕ ಚಮಚದ ಲೆಕ್ಕ. ಪಿಜ್ಜಾ ಜೊತೆ ಬಂದ ಒರೆಗಾನೋ ಸ್ಯಾಚೆ ಎಲ್ರ ಮನೆ ಡ್ರಾಯರಲ್ಲೂ ನಾಲ್ಕೈದು ಬಿದ್ದಿರ್ತವಲ್ಲ, ಒಂದು ಹರಿದು ಸುರೀರಿ. ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಇಲ್ಲದಿದ್ರೆ ತಲೆ ಕೆಡಿಸ್ಕೋಬೇಡಿ, ಒಂದು ಈರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಕೈಮದ ಜೊತೆ ಹುರೀರಿ, ನನ್ನ ಕೇಳಿದ್ರೆ ಅದೇ ಚೆನ್ನಾಗಿರೋದು.

ಒಂದು ಎಚ್ಚರಿಕೆ. ಅಮೆರಿಕದ ರೆಸಿಪಿಗಳಲ್ಲಿ ಚಿಲ್ಲಿ ಪೌಡರ್ ಒಂದು ದೊಡ್ಡ ಚಮಚ ಅಂತ ಬರೆದಿರ್ತಾರೆ, ಅವರದ್ದು ಬರೀ ಮೆಣಸಿನಕಾಯಿ ಅಲ್ಲ, ಜೀರಿಗೆ, ಬೆಳ್ಳುಳ್ಳಿ, ಒರೆಗಾನೋ ಎಲ್ಲ ಬೆರೆಸಿದ ಸಪ್ಪೆ ಪುಡಿ. ಅದನ್ನ ಓದ್ಕೊಂಡು ನೀವು ಗುಂಟೂರು ಮೆಣಸಿನಪುಡಿ ಒಂದು ದೊಡ್ಡ ಚಮಚ ಸುರಿದ್ರೆ ಮೊಮ್ಮಕ್ಕಳು ಮತ್ತೆ ಅಜ್ಜಿ ಮನೆಗೆ ಬರಲ್ಲ. ಬ್ಯಾಡಗೀಲಿ ಬಣ್ಣ ಜಾಸ್ತಿ ಖಾರ ಕಮ್ಮಿ, ಅವರು ಹಾಕೋ ಪ್ಯಾಪ್ರಿಕಾ ಪುಡಿ ಕೆಲಸಾನೂ ಅದೇ ಮಾಡುತ್ತೆ.

ಮಾಡೋ ಕ್ರಮ: ತಳ ದಪ್ಪ ಇರೋ ಅಗಲ ಬಾಣಲೆ, ಜೊತೆಗೆ ಸರಿಯಾಗಿ ಕೂರೋ ಮುಚ್ಚಳ. ಎಣ್ಣೆ ಒಂದು ಚಮಚ, ಉರಿ ಜೋರು, ಕೈಮ ಹಾಕಿ ಹರಡಿ, ತಕ್ಷಣ ಕೆದಕೋಕೆ ಹೋಗ್ಬೇಡಿ. ಮೊದಲು ನೀರು ಬಿಡುತ್ತೆ, ಬುಳು ಬುಳು ಅಂತಿರುತ್ತೆ, ಬಣ್ಣ ಬೂದಿ ಥರ, ನೋಡೋಕೆ ಏನೂ ಚೆಂದ ಇರಲ್ಲ. ಇಲ್ಲೇ ಎಲ್ರೂ ನೀರು ಸುರಿದುಬಿಡೋದು, ಆಮೇಲೆ ಊಟ ಸಪ್ಪೆ ಅನ್ನೋದು. ಕಾಯಿರಿ. ಆ ನೀರು ಇಂಗಿ ಸದ್ದು ಬದಲಾಗುತ್ತೆ, ಚರ ಚರ ಅಂತ ಶುರು ಆಗುತ್ತೆ, ತಳದಲ್ಲಿ ಕಂದು ಕಂದಾಗಿ ಅಂಟ್ಕೊಳ್ಳುತ್ತೆ. ನೀರಿರೋ ತನಕ ಶಾಖ 100 ಡಿಗ್ರಿ ದಾಟಲ್ಲ, ಆ ಕಂದು ಬಣ್ಣ, ಆ ಘಮ ಬರೋಕೆ 140 ಡಿಗ್ರಿ ಹತ್ರ ಹೋಗ್ಬೇಕು, ಅದಕ್ಕೇ ಈ ಕಾಯೋ ಕೆಲಸ. ಕೊಬ್ಬು ಜಾಸ್ತಿ ತೇಲ್ತಿದ್ರೆ ಸೌಟಲ್ಲಿ ತೆಗೀರಿ, ಒಂದು ಚಮಚದಷ್ಟು ಇರ್ಲಿ.

ಈಗ ಮೂರೂವರೆ ಕಪ್ ಬಿಸಿ ನೀರು, ಅಂದ್ರೆ ಸುಮಾರು 850 ಎಂಎಲ್. ಪುಡಿಯನ್ನ ಬಿಸೀಗೆ ನೇರವಾಗಿ ಉದುರಿಸ್ಬೇಡಿ, ಕಾರ್ನ್ ಫ್ಲೋರ್ ಹೊರಗಡೆ ಬೆಂದು ಒಳಗೆ ಹಿಟ್ಟಾಗೇ ಉಳಿದು ಗಂಟು ಗಂಟಾಗುತ್ತೆ, ಅರ್ಧ ಲೋಟ ತಣ್ಣೀರಲ್ಲಿ ಕದಡಿ ಹುಯ್ಯಿರಿ. ತಳ ಕೆರೆದು ಆ ಕಂದು ಎಲ್ಲ ಬಿಡಿಸಿ, ರುಚಿ ಇರೋದೇ ಅಲ್ಲಿ. ಕುದಿ ಬಂದ್ಮೇಲೆ ಮ್ಯಾಕರೋನಿ ಹಾಕಿ, ಉರಿ ಸಣ್ಣ ಮಾಡಿ, ಮುಚ್ಚಿ 10ರಿಂದ 12 ನಿಮಿಷ, ನಡುವೆ ಎರಡು ಮೂರು ಸಲ ಕೈಯಾಡಿಸಿ, ಹಾಲಿನ ಪುಡಿ ಇರೋದ್ರಿಂದ ತಳ ಹಿಡಿಯುತ್ತೆ. ಮುಚ್ಚಳ ತೆಗೆದಾಗ ತೆಳ್ಳಗಿದೆ ಅನ್ಸುತ್ತೆ, ಹೆದರಬೇಡಿ. ಸೌಟಲ್ಲಿ ತಳ ಗೀರಿದ್ರೆ ದಾರಿ ಒಂದು ಕ್ಷಣ ಕಂಡು ಮತ್ತೆ ಮುಚ್ಕೊಳ್ಳಬೇಕು, ಅದೇ ಹದ. ಒಲೆ ಆರಿಸಿ, ಆರಿಸಿದ ಮೇಲೆ, 100 ಗ್ರಾಂ ಪ್ರೋಸೆಸ್ಡ್ ಚೀಸ್ ತುರಿದು ಹಾಕಿ ಕಲಸಿ ಐದು ನಿಮಿಷ ಮುಚ್ಚಿಡಿ. ಆರ್ತಾ ಆರ್ತಾ ತಾನೇ ಗಟ್ಟಿಯಾಗುತ್ತೆ. ಪಾಸ್ತಾ ಬೇಯಿಸಿದ ನೀರನ್ನ ಇದರಲ್ಲಿ ಚೆಲ್ಲಲ್ಲ ನೋಡಿ, ಮ್ಯಾಕರೋನಿ ಬಿಟ್ಟ ಗಂಜಿ ಪೂರ್ತಿ ಸಾಸಲ್ಲೇ ಉಳಿಯುತ್ತೆ, ಡಬ್ಬದ ಗುಟ್ಟು ಅನ್ನೋದು ಏನಾದ್ರೂ ಇದ್ರೆ ಅದೇ. ಮ್ಯಾಕರೋನಿ ಕೊಳ್ಳುವಾಗ ಪ್ಯಾಕೆಟ್ ಹಿಂದೆ ಡ್ಯೂರಮ್ ಗೋಧಿ ಅಂತ ಇದೆಯಾ ನೋಡ್ಕೊಳ್ಳಿ, ಮೈದಾದ್ದು ಈ ಥರ ಜಾಸ್ತಿ ಹೊತ್ತು ಸಾಸಲ್ಲಿ ಕೂತ್ರೆ ಪಾಯಸ ಆಗುತ್ತೆ.

ಪ್ರಶ್ನೆ: ನಾನು ಹಾಲಿನ ಪುಡಿ ಬದಲು ಹಾಲೇ ಹಾಕ್ದೆ, ಟೊಮೇಟೊನೂ ಹಾಕ್ದೆ, ಒಡೆದು ಪನೀರ್ ಥರ ಆಯ್ತು. ಚೀಸು ಬೇರೆ ರಬ್ಬರ್ ಎಳೆ ಎಳೆ. ಎಲ್ಲಿ ತಪ್ಪಿತು? (ಸರಸ್ವತಿಪುರಂ, ಮೈಸೂರು)

ಉತ್ತರ: ಪನೀರ್ ಮಾಡೋಕೆ ಕುದಿಯೋ ಹಾಲಿಗೆ ಹುಳಿ ಹಿಂಡ್ತೀವಿ, ನೀವು ಮಾಡಿದ್ದೂ ಅದೇ ಅಲ್ವಾ. ನಮ್ಮ ನಾಟಿ ಟೊಮೇಟೊ ಹುಳಿ ಜಾಸ್ತಿ ಬೇರೆ. ಟೊಮೇಟೊ ಬೇಕೇ ಬೇಕು ಅಂದ್ರೆ ಎರಡು ಹಣ್ಣು ಕೈಮದ ಜೊತೆಗೇ ಹಾಕಿ ಎಣ್ಣೆ ಬಿಡೋ ತನಕ ಬಾಡಿಸಿ, ಮ್ಯಾಕರೋನಿ ನೀರಲ್ಲೇ ಬೇಯಲಿ, ಕೊನೇ ಮೂರು ನಿಮಿಷ ಇದೆ ಅನ್ನೋವಾಗ ಒಂದು ಕಪ್ ಹಾಲಲ್ಲಿ ಕಾರ್ನ್ ಫ್ಲೋರ್ ಕದಡಿ ಸಣ್ಣ ಉರೀಲಿ ಸೇರಿಸಿ. ಆ ಹಿಟ್ಟಿರೋದ್ರಿಂದ ಹಾಲು ಬೇಗ ಒಡೆಯಲ್ಲ. ಮೊದಲು ಹಾಕೋ ನೀರಲ್ಲಿ ಅಷ್ಟೇ ಕಪ್ ಕಮ್ಮಿ ಮಾಡೋದು ಮರೀಬೇಡಿ.

ಚೀಸಿಗೆ ಬಂದ್ರೆ, ನೀವು ಹಾಕಿದ್ದು ಪಿಜ್ಜಾ ಚೀಸ್ ಇರ್ಬೇಕು, ಮೊಝರೆಲ್ಲಾ. ಅದರ ಗುಣಾನೇ ಎಳೆ ಎಳೆಯಾಗೋದು. ಅಲ್ಲಿನವರು ಚೆಡ್ಡಾರ್ ಹಾಕ್ತಾರೆ, ಇಲ್ಲಿ ಕ್ಯೂಬ್, ಸ್ಲೈಸ್ ಅಂತ ಸಿಗೋ ಪ್ರೋಸೆಸ್ಡ್ ಚೀಸ್ ಸಾಕು, ನಂದಿನಿದೋ ಅಮೂಲ್‌ದೋ ಯಾವುದಾದ್ರೂ ಸರಿ. ಪ್ರೋಸೆಸ್ಡ್ ಚೀಸಲ್ಲಿ ಕೊಬ್ಬೂ ನೀರೂ ಬೇರೆ ಆಗದ ಹಾಗೆ ಹಿಡ್ಕೊಳ್ಳೋ ಲವಣ ಸೇರಿಸಿರ್ತಾರೆ, ಅದಕ್ಕೇ ನೀಟಾಗಿ ಸಾಸಾಗುತ್ತೆ. ಗೌರ್ಮೆ ಅಂಗಡಿ ಚೀಸಿಗೆ ದುಡ್ಡು ಸುರಿಯೋರನ್ನ ಕಂಡ್ರೆ ನಂಗೆ ನಗು ಬರುತ್ತೆ, ಈ ಅಡುಗೇಲಿ ಅಗ್ಗದ ಚೀಸೇ ಗೆಲ್ಲೋದು.

ಪ್ರಶ್ನೆ: ಬನ್ನೂರ್ ಕುರಿ ಕೈಮ ತಂದು ಮಾಡುದ್ವಿ. ಮ್ಯಾಕರೋನಿ ಮುದ್ದೆ ಆಗೋಯ್ತು, ಕೈಮ ಮಾತ್ರ ಇನ್ನೂ ಕಚ್ಚಿದ್ರೆ ಹಲ್ಗೆ ಸಿಕ್ಕಾಕತ್ತದೆ. ಇದ್ಕೆ ಏನ್ ಮಾಡದು? (ಮಳವಳ್ಳಿ, ಮಂಡ್ಯ ಜಿಲ್ಲೆ)

ಉತ್ತರ: ಅಯ್ಯೋ, ಬನ್ನೂರು ಕುರಿ ಕೈಮಕ್ಕೆ ಮ್ಯಾಕರೋನಿ! ಬಂಡೂರು ಇರೋದೇ ನಿಮ್ಮ ತಾಲ್ಲೂಕಲ್ಲಿ, ಆ ತಳೀನ ಬಂಡೂರು, ಬನ್ನೂರು, ಮಂಡ್ಯ ಕುರಿ ಅಂತ ಮೂರು ಹೆಸರಲ್ಲಿ ಕರೀತಾರೆ, ಗಿಡ್ಡ ಕಾಲು, ಮಾಂಸದೊಳಗೇ ಕೊಬ್ಬು ಓಡಾಡಿರುತ್ತೆ, ಅಂಥ ಕೈಮ ಸಿಕ್ಕಿದ್ರೆ ಉಂಡೆ ಸಾರು ಮಾಡಿ ಬಿಸಿ ಮುದ್ದೆ ಜೊತೆ ಉಣ್ಣೋದು ಬಿಟ್ಟು... ಇರ್ಲಿ, ಕೇಳಿದ್ದೀರಿ, ಹೇಳ್ತೀನಿ.

ಡಬ್ಬದ ಲೆಕ್ಕ ಎಲ್ಲ ಮಿಷಿನಲ್ಲಿ ಅರೆದ ದನದ ಮಾಂಸಕ್ಕೆ ಹಾಕಿದ್ದು, ಅದು ಹುರಿಯೋದ್ರಲ್ಲೇ ಬೆಂದಿರುತ್ತೆ, ಆಮೇಲೆ ಮ್ಯಾಕರೋನಿ ಬೇಯೋಕೆ ಮಾತ್ರ ಟೈಮು. ನಮ್ಮ ಮಟನ್ ಅಂಗಡೀಲಿ ಮಚ್ಚಲ್ಲಿ ಕೊಚ್ಚಿ ಕೊಡೋ ಕೈಮ ದಪ್ಪ, ನಾರು ಉದ್ದ, ಮರಿ ಬಲಿತಿದ್ರಂತೂ ಮುಗೀತು, 12 ನಿಮಿಷದಲ್ಲಿ ಎಲ್ಲಿ ಬೇಯುತ್ತೆ ಹೇಳಿ. ಅದಕ್ಕೆ ಕೈಮ ಹುರಿದು ಕಂದಾದ ಮೇಲೆ ಒಂದು ಲೋಟ ನೀರು, ಚಿಟಿಕೆ ಉಪ್ಪು ಹಾಕಿ ಕುಕ್ಕರಲ್ಲಿ ಮೂರು ವಿಷಲ್ ಕೂಗ್ಸಿ. ಬಲಿತ ಮಾಂಸ ಆದ್ರೆ ಐದು. ಕುಕ್ಕರಲ್ಲೇ ಹುರಿದ್ರೆ ಒಂದು ಪಾತ್ರೆ ತೊಳೆಯೋದು ಉಳೀತು. ಮುಚ್ಚಳ ತೆಗೆದು, ಉಳಿದ ರಸ ಎಷ್ಟಿದೆ ಅಳೆದು ನೋಡ್ಕೊಂಡು, ಅದೂ ಸೇರಿ ಒಟ್ಟು ಮೂರೂವರೆ ಕಪ್ ಆಗೋ ಹಾಗೆ ನೀರು ಹಾಕಿ, ಆಮೇಲೆ ಪುಡಿ, ಮ್ಯಾಕರೋನಿ ಎಲ್ಲ ಮೇಲೆ ಹೇಳಿದ ಹಾಗೇ. ಅಂಗಡೀಲಿ ಎರಡು ಸಲ ಕೊಚ್ಚಿ ಕೊಡಪ್ಪಾ ಅಂತ ಹೇಳಿದ್ರೂ ಅರ್ಧ ಸಮಸ್ಯೆ ಕಮ್ಮಿ ಆಗುತ್ತೆ. ಚಿಕನ್ ಕೈಮಕ್ಕೆ ಈ ಕುಕ್ಕರ್ ತಾಪತ್ರಯ ಬೇಡ. ಈ ಕುರೀಲಿ ಕೊಬ್ಬು ಚೆನ್ನಾಗಿ ಬಿಡುತ್ತಲ್ಲ, ಅದನ್ನ ಚೆಲ್ಬೇಡಿ, ಬಟ್ಟಲಲ್ಲಿ ತೆಗೆದಿಟ್ಟು ಮಾರನೇ ದಿನ ಮೊಟ್ಟೆ ಪಲ್ಯಕ್ಕೆ ಹಾಕ್ಕೊಳ್ಳಿ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಮೊಟ್ಟೇನೂ ಇಲ್ಲ. ಮಗ ಹಾಸ್ಟೆಲಲ್ಲಿ ಫ್ರೆಂಡ್ಸ್ ಹತ್ರ ಕೇಳ್ಕೊಂಡು ಬಂದು ಇದನ್ನ ಮಾಡು ಅಂತಿದಾನೆ. ಮೀಲ್ ಮೇಕರ್ ಹಾಕಿದ್ರೆ ವಾಸನೆ ಬರುತ್ತೆ, ಬೇರೆ ದಾರಿ ಇದೆಯಾ? (ಜಯಲಕ್ಷ್ಮೀಪುರಂ, ಮೈಸೂರು)

ಉತ್ತರ: ಎರಡು ದಾರಿ ಇದೆ. ಮೊದಲನೇದು ಮೀಲ್ ಮೇಕರೇ, ಆದ್ರೆ ಉಂಡೆ ಬೇಡ, ಗ್ರ್ಯಾನ್ಯೂಲ್ಸ್ ಅಂತ ರವೆ ಥರ ಸಿಗುತ್ತೆ ನೋಡಿ, ಅದು ಒಂದು ಕಪ್ ಸಾಕು, ನೆಂದ ಮೇಲೆ ಉಬ್ಬುತ್ತೆ. ಸೋಯಾ ಎಣ್ಣೆ ತೆಗೆದು ಉಳಿದ ಹಿಟ್ಟಲ್ಲಿ ಮಾಡೋದು ಇದು, ಅರ್ಧದಷ್ಟು ಪ್ರೋಟೀನೇ. ವಾಸನೆ ಹೋಗ್ಬೇಕು ಅಂದ್ರೆ ಉಪ್ಪು ಹಾಕಿದ ಕುದಿಯೋ ನೀರಲ್ಲಿ ಹತ್ತು ನಿಮಿಷ ಬಿಟ್ಟು, ಸೋಸಿ, ಎರಡು ಸಲ ತಣ್ಣೀರಲ್ಲಿ ತೊಳೆದು, ಬಟ್ಟೇಲಿ ಕಟ್ಟಿ ಗಟ್ಟಿಯಾಗಿ ಹಿಂಡಿ. ಹಿಂಡೋದ್ರಲ್ಲೇ ಇರೋದು ಎಲ್ಲಾ, ಕೈಲಿ ಸುಮ್ನೆ ಒತ್ತಿ ಬಿಟ್ರೆ ಆ ನೀರು ಬಾಣಲೇಲಿ ಮತ್ತೆ ವಾಸನೆ ಬಿಡುತ್ತೆ. ಆಮೇಲೆ ಎರಡು ಚಮಚ ಎಣ್ಣೇಲಿ ಈರುಳ್ಳಿ ಜೊತೆ ಕೆಂಪಗೆ ಹುರೀರಿ, ಅಣಬೆ ತಿಂತೀರಾದ್ರೆ ಸಣ್ಣಗೆ ಹೆಚ್ಚಿ ಒಂದು ಹಿಡಿ.

ಎರಡನೇದು ನನ್ನ ಫೇವರಿಟ್ಟು, ಆದ್ರೆ ಡಿಸೆಂಬರ್ ಜನವರಿ ತನಕ ಕಾಯ್ಬೇಕು. ಹಿತಕಿದ ಅವರೇಬೇಳೆ! ದೇವರಾಜ ಮಾರ್ಕೆಟ್ಟಲ್ಲಿ ಸೊನೆ ಅವರೆ ರಾಶಿ ಬಿದ್ದಿರೋ ಕಾಲದಲ್ಲಿ ಎರಡು ಕಪ್ ಹಿತಕಿದ ಬೇಳೆಯನ್ನ ಬೆಣ್ಣೇಲಿ ಈರುಳ್ಳಿ ಬೆಳ್ಳುಳ್ಳಿ ಜೊತೆ ಎರಡು ನಿಮಿಷ ಬಾಡಿಸಿ, ಮ್ಯಾಕರೋನಿ ಜೊತೆಗೇ ಬೇಯೋಕೆ ಬಿಡಿ, ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಟೈಮು. ಬೇಳೆ ಅರ್ಧಂಬರ್ಧ ಕರಗಿ ಸಾಸೇ ಮಂದ ಆಗುತ್ತೆ, ಹಾಗಾಗಿ ಕಾರ್ನ್ ಫ್ಲೋರ್ ಅರ್ಧಕ್ಕೆ ಇಳಿಸಿ. ಒರೆಗಾನೋ ಬದಲು ಸಬ್ಬಸಿಗೆ ಸೊಪ್ಪು. ಇದಕ್ಕೆ ಅಮೆರಿಕದ ಊಟ ಅಂತ ಕರೆಯೋಕಾಗಲ್ಲ, ಪರವಾಗಿಲ್ಲ, ಅವರೆ ಸೀಸನ್ನಲ್ಲಿ ನಮ್ಮ ಮೈಸೂರಿನವರು ಕಾಫಿ ಒಂದು ಬಿಟ್ಟು ಎಲ್ಲದಕ್ಕೂ ಅವರೇಕಾಳು ಹಾಕೋರೇ.

ಪ್ರಶ್ನೆ: ಪಿಜೀಲಿದೀನಿ, ಒಂದು ಇಂಡಕ್ಷನ್, ಒಂದು 3 ಲೀಟರ್ ಕುಕ್ಕರ್ ಅಷ್ಟೆ. ಕುಕ್ಕರಲ್ಲೇ ಆಗುತ್ತಾ ಮೇಡಂ? (ಮಂಡ್ಯ)

ಉತ್ತರ: ಆಗುತ್ತಪ್ಪ. ಹೇಳಿದ್ದರಲ್ಲಿ ಅರ್ಧ ಅಳತೆ ತಗೋ, ನೀರು ಮಾತ್ರ ಒಂದೂವರೆ ಕಪ್, ಕುಕ್ಕರಲ್ಲಿ ಆವಿ ಹೋಗೋದು ಕಮ್ಮಿ. ಚಿಕನ್ ಕೈಮ ಹುರಿದು, ನೀರು, ಮ್ಯಾಕರೋನಿ, ಮಸಾಲೆ ಹಾಕಿ ಒಂದೇ ವಿಷಲ್, ಆಫ್ ಮಾಡಿ ಐದು ನಿಮಿಷ ಬಿಟ್ಟು ಹುಷಾರಾಗಿ ಆವಿ ಬಿಡು. ಹಾಲಿನ ಪುಡಿ, ಕಾರ್ನ್ ಫ್ಲೋರ್ ಮುಂಚೆ ಹಾಕ್ಬೇಡ, ಉಕ್ಕಿ ವಿಷಲ್ ತೂತು ಕಟ್ಕೊಳ್ಳುತ್ತೆ, ಅದು ಡೇಂಜರ್ರು. ಮುಚ್ಚಳ ತೆಗೆದ ಮೇಲೆ ಕಾಲು ಲೋಟ ತಣ್ಣೀರಲ್ಲಿ ಕದಡಿ ಹಾಕಿ ಎರಡು ನಿಮಿಷ ಕುದಿಸು, ಆಮೇಲೆ ಚೀಸು.

ಪ್ರಶ್ನೆ: ಈ ಪುಡಿ ಜಾಸ್ತಿ ಮಾಡಿ ಬಾಟಲೀಲಿ ಇಟ್ಕೋಬಹುದಾ? ಅಕ್ಕಪಕ್ಕದವರಿಗೆ ಮಾರೋ ಯೋಚ್ನೆನೂ ಇದೆ. (ವಿಜಯನಗರ, ಮೈಸೂರು)

ಉತ್ತರ: ಇಟ್ಕೋಬಹುದು. ಆದ್ರೆ ಹಾಲಿನ ಪುಡಿ ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೇ ಗಡ್ಡೆ. ಅದಕ್ಕೆ ಹಾಲಿನ ಪುಡಿ ಬಿಟ್ಟು ಉಳಿದದ್ದನ್ನ ಬೆರೆಸಿ ಗಾಜಿನ ಬಾಟಲೀಲಿ ಬಿಗಿಯಾಗಿ ಮುಚ್ಚಿಟ್ರೆ ಎರಡು ತಿಂಗಳು ಘಮ ಇರುತ್ತೆ, ಹಾಲಿನ ಪುಡಿ ಮಾಡೋ ದಿನ ಸೇರಿಸಿ. ಒದ್ದೆ ಚಮಚ ಹಾಕಿದ್ರೋ, ಕಥೆ ಮುಗೀತು.

ಮಾರೋದಾದ್ರೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ, ಅವರ ರಿಜಿಸ್ಟ್ರೇಷನ್ ಬೇಕು, ಮನೇಲೇ ಮಾಡಿದ್ರೂ ಬೇಕು, ಲೇಬಲ್ ಮೇಲೆ ಏನೇನಿದೆ, ಯಾವತ್ತು ಮಾಡಿದ್ದು, ಎಷ್ಟು ದಿನ ಬಾಳಿಕೆ ಅಂತ ಬರೀಬೇಕು, ಹಾಲಿನ ಪದಾರ್ಥ ಇದ್ರೆ ಅದನ್ನೂ. ನೀವಿರೋ ಊರು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. 1950ರಿಂದ ಚೆಲುವಾಂಬ ಮ್ಯಾನ್ಷನ್ನಲ್ಲಿ ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ ಇದೆ, ಎಮ್ಮೆ ಹಾಲಿಂದ ಮಕ್ಕಳ ಹಾಲಿನ ಪುಡಿ ಮಾಡೋ ವಿಧಾನ ಕಂಡುಹಿಡಿದಿದ್ದೇ ಅಲ್ಲಿ, ಸಿದ್ಧಾರ್ಥನಗರದಲ್ಲಿ ಸೈನಿಕರಿಗೆ ಪ್ಯಾಕೆಟ್ ಊಟ ರೂಪಿಸ್ತಿದ್ದ ಡಿಎಫ್‌ಆರ್‌ಎಲ್ ಅನ್ನೋ ರಕ್ಷಣಾ ಇಲಾಖೆ ಪ್ರಯೋಗಾಲಯ ಶುರುವಾಗಿದ್ದು 1961ರಲ್ಲಿ. ಸಿಎಫ್‌ಟಿಆರ್‌ಐನವರು ಸಣ್ಣ ಉದ್ಯಮ ಮಾಡೋರಿಗೆ ಶಾರ್ಟ್ ಟರ್ಮ್ ತರಬೇತಿ ಕೊಡ್ತಾರೆ, ಹೋಗಿ ವಿಚಾರಿಸಿ. ಬಿಸಿ ನೀರು ಹಾಕಿದ್ರೆ ಊಟ ರೆಡಿ ಅನ್ನೋದರ ಹಿಂದೆ ಎಷ್ಟು ಕೆಲಸ ಇದೆ ಅಂತ ಅಲ್ಲಿ ಗೊತ್ತಾಗುತ್ತೆ. ಇನ್ನೊಂದು, ಆ ಅಮೆರಿಕದ ಹೆಸರನ್ನ ನಿಮ್ಮ ಪ್ಯಾಕೆಟ್ ಮೇಲೆ ಹಾಕ್ಬೇಡಿ, ಅದು ಬೇರೆಯವರ ಟ್ರೇಡ್‌ಮಾರ್ಕ್.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಬಿಪಿ. ಅವರು ತಿನ್ನಬಹುದಾ? (ಶ್ರೀರಂಗಪಟ್ಟಣ)

ಉತ್ತರ: ಡಬ್ಬದ್ದು ಬೇಡ, ಅದರಲ್ಲಿ ಉಪ್ಪು ಜೋರಾಗಿರುತ್ತೆ. ಮನೇದಾದ್ರೆ ಉಪ್ಪು ನಿಮ್ಮ ಕೈಲಿದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು, ಅಂದ್ರೆ ಬೆಳಗ್ಗೆಯಿಂದ ರಾತ್ರಿ ತನಕ ಎಲ್ಲಾ ಸೇರಿ ಒಂದು ಚಿಕ್ಕ ಚಮಚ. ಪ್ರೋಸೆಸ್ಡ್ ಚೀಸಲ್ಲೇ ಸಾಕಷ್ಟು ಇರೋದ್ರಿಂದ ಪುಡಿಗೆ ಹಾಕೋ ಉಪ್ಪು ಪೂರ್ತಿ ಬಿಡಿ, ಚೀಸ್ ಅರ್ಧ ಮಾಡಿ, ಕೊನೇಲಿ ನಿಂಬೆಹಣ್ಣು ಹಿಂಡಿ, ಹುಳಿ ಇದ್ರೆ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟು ಗೊತ್ತಾಗಲ್ಲ. ಎಷ್ಟು ದಿನಕ್ಕೊಮ್ಮೆ ಅಂತ ಅವರನ್ನ ನೋಡೋ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಮಿಕ್ಕಿದ್ದನ್ನ ಬೆಳಗ್ಗೆ ಮಕ್ಕಳ ಟಿಫಿನ್ ಬಾಕ್ಸಿಗೆ ಹಾಕಬಹುದಾ? ಫ್ರಿಜ್ಜಲ್ಲಿಟ್ರೆ ಸಿಮೆಂಟ್ ಥರ ಆಗುತ್ತೆ. (ರಾಮಕೃಷ್ಣನಗರ, ಮೈಸೂರು)

ಉತ್ತರ: ಮ್ಯಾಕರೋನಿ ರಾತ್ರಿಯೆಲ್ಲ ಸಾಸ್ ಕುಡೀತಾನೇ ಇರುತ್ತೆ, ಅದಕ್ಕೆ ಹಾಗಾಗೋದು. ಬಾಣಲೆಗೆ ಅರ್ಧ ಲೋಟ ಹಾಲು ಹಾಕಿ ಬಿಸಿ ಮಾಡಿ, ಮೇಲೆ ಇದನ್ನ ಹಾಕಿ ಸಣ್ಣ ಉರೀಲಿ ಒಡೆದು ಕಲಸಿ, ಒಳಗೂ ಹಬೆ ಬರೋ ತನಕ ಬಿಸಿ ಆಗ್ಬೇಕು. ರಾತ್ರಿ ಊಟ ಆದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಿದ್ರೆ ಮಾತ್ರ ಈ ಕೆಲಸ, ಒಲೆ ಮೇಲೇ ಬೆಳಗಿನ ತನಕ ಬಿಟ್ಟಿದ್ರೆ ಮುಲಾಜಿಲ್ಲದೆ ಬಿಸಾಕಿ. ಟಿಫಿನ್ ಬಾಕ್ಸಿಗಾದ್ರೆ ಕೈಮದ್ದು ಬೇಡ, ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಒಂದು ಗಂಟೆ ತನಕ ಬ್ಯಾಗಲ್ಲಿ ಕೂತ ಮಾಂಸಾನೂ ಹಾಲೂ ನಂಬೋ ಹಾಗಿಲ್ಲ. ಆ ದಿನಕ್ಕೆ ಚಿತ್ರಾನ್ನ ಕಳ್ಸಿ, ಇದು ಸ್ಕೂಲಿಂದ ಬಂದ್ಮೇಲೆ ಸಂಜೆ ಬಿಸಿ ಮಾಡಿ ಕೊಡಿ.